ಅರ್ಧ ಗಂಟೆಯ ಆ ಕಥೆ ಯಾವ ಖಾತೆಗೆ?

1980ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಹಲವು ನಗರಗಳ ಟಿ.ವಿ. ಕೇಂದ್ರಗಳಿಂದ ಅರ್ಧ ಗಂಟೆಯ ಒಂದು ವಿಶೇಷ ಕಾರ್ಟೂನ್ ಚಿತ್ರ ಪ್ರಸಾರವಾಯಿತು. ಹೆಸರು ‘ದಿ ವರ್ಲ್ಡ್ ಆಫ್ ಸ್ಟ್ರಾಬೆರಿ ಶಾರ್ಟ್‌ಕೇಕ್’. ಕೆಂಪು ಗುಂಗುರು ಕೂದಲು, ಮೂಗಿನ ಆಚೀಚೆ ಸಣ್ಣ ಸಣ್ಣ ಚುಕ್ಕೆ, ತಲೆಯ ಮೇಲೆ ಸ್ಟ್ರಾಬೆರಿ ಹಣ್ಣಿನ ಚಿತ್ರಗಳಿರುವ ಉಬ್ಬಿದ ಟೊಪ್ಪಿ, ಹಸಿರು-ಬಿಳಿ ಪಟ್ಟೆಯ ಕಾಲುಚೀಲ, ಜತೆಗೆ ಕಸ್ಟರ್ಡ್ ಎಂಬ ಗುಲಾಬಿ ಬಣ್ಣದ ಬೆಕ್ಕು. ಇಂಥ ಪುಟ್ಟ ಹುಡುಗಿಯೊಬ್ಬಳ ಹುಟ್ಟುಹಬ್ಬ, ಅದನ್ನು ಕೆಡಿಸಲು ಬರುವ ನೇರಳೆ ಬಣ್ಣದ ಒಬ್ಬ ದುಷ್ಟ, ಕೊನೆಗೆ ಗೆಳೆಯರ ಗೆಲುವು. ಕಥೆ ಇಷ್ಟೇ. ಆಕಾಶದಲ್ಲಿರುವ ಸೂರ್ಯನೇ ಮಕ್ಕಳಿಗೆ ಈ ಕಥೆ ಹೇಳುತ್ತಾನೆ.

ಶಾರ್ಟ್‌ಕೇಕ್ ಎಂದರೆ ಬಿಸ್ಕತ್ತಿನಂಥ ಕೇಕಿಗೆ ಸ್ಟ್ರಾಬೆರಿ ಮತ್ತು ಕ್ರೀಮ್ ಸೇರಿಸಿ ತಿನ್ನುವ ಅಲ್ಲಿನ ಸಿಹಿತಿಂಡಿ. ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ ಮುಂಬಯಿ ಮಾರುಕಟ್ಟೆಗೆ ಬಂದಾಗ ಕ್ರೀಮ್ ಹಾಕಿ ತಿನ್ನುವ ನಮ್ಮವರಿಗೆ ಅದರ ರುಚಿಯ ಅಂದಾಜು ಇದ್ದೀತು. ಹುಡುಗಿಯ ಗೆಳೆಯ ಗೆಳತಿಯರ ಹೆಸರುಗಳೂ ತಿಂಡಿಯವೇ. ಒಬ್ಬಳು ಬ್ಲೂಬೆರಿ ಮಫಿನ್, ಇನ್ನೊಬ್ಬ ಹಕಲ್‌ಬೆರಿ ಪೈ. ದುಷ್ಟನ ಹೆಸರು ಪರ್ಪಲ್ ಪೈಮನ್. ಟಿ.ವಿ.ಯಲ್ಲಿ ಹುಡುಗಿಯನ್ನು ಕಂಡ ಮಗು ಅಮ್ಮನ ಕೈ ಹಿಡಿದು ಅಂಗಡಿಗೆ ಹೋದರೆ, ಅಲ್ಲಿ ಅವಳೇ ಐದೂವರೆ ಇಂಚಿನ ಗೊಂಬೆಯಾಗಿ ಪೆಟ್ಟಿಗೆಯೊಳಗೆ ನಿಂತಿರುತ್ತಿದ್ದಳು. ಮೂಗಿನ ಹತ್ತಿರ ಹಿಡಿದರೆ ಗೊಂಬೆಗೆ ಸ್ಟ್ರಾಬೆರಿಯ ಪರಿಮಳ. ಟಿ.ವಿ.ಗೆ ಆಗದ ಕೆಲಸವನ್ನು ಗೊಂಬೆ ಮಾಡುತ್ತಿತ್ತು, ಗೊಂಬೆಗೆ ಆಗದ್ದನ್ನು ಟಿ.ವಿ. ಮಾಡುತ್ತಿತ್ತು.

ಹಾಗಾದರೆ ಆ ಅರ್ಧ ಗಂಟೆ ಕಥೆಯೋ, ಜಾಹೀರಾತೋ? ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತವನಿಗೆ ಯಾವ ಚೀಟಿ ಕೈಗೆ ಬಂದರೂ ‘ಇದು ಯಾವ ಖಾತೆಗೆ?’ ಎಂದು ಕೇಳುವ ಚಾಳಿ ಇರುತ್ತದೆ. ಅಮೆರಿಕದ ಸರಕಾರ, ನ್ಯಾಯಾಲಯ, ತಾಯಂದಿರು ಎಲ್ಲರೂ ಸೇರಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕೇಳಿದ್ದು ಇದನ್ನೇ, ಅದೂ ಅಕ್ಷರಶಃ. ಅಲ್ಲಿ ಸಿಕ್ಕಿದ ಉತ್ತರದ ಮೇಲೆಯೇ ಇಂದು ನಮ್ಮ ಮಕ್ಕಳು ಮೊಮ್ಮಕ್ಕಳು ನೋಡುವ ಎಷ್ಟೋ ಕಾರ್ಟೂನುಗಳ ವ್ಯವಹಾರ ನಿಂತಿರುವುದರಿಂದ, ಈ ಹಳೆಯ ಲೆಕ್ಕವನ್ನು ಒಮ್ಮೆ ತೆರೆದು ನೋಡುವುದು ಅಗತ್ಯವೆನಿಸುತ್ತದೆ.

ಶುಭಾಶಯ ಪತ್ರದಿಂದ ಗೊಂಬೆಗೆ

ಸ್ಟ್ರಾಬೆರಿ ಶಾರ್ಟ್‌ಕೇಕ್ ಹುಟ್ಟಿದ್ದು ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಅಮೆರಿಕನ್ ಗ್ರೀಟಿಂಗ್ಸ್ ಸಂಸ್ಥೆಯಲ್ಲಿ. ಪೋಲೆಂಡಿನಿಂದ ಬಂದ ಜೇಕಬ್ ಸಪಿರ್‌ಸ್ಟೀನ್ ಎಂಬ ವಲಸಿಗ 1906ರಲ್ಲಿ ಕುದುರೆ ಗಾಡಿಯಲ್ಲಿ ಪೋಸ್ಟ್‌ಕಾರ್ಡುಗಳನ್ನಿಟ್ಟು ಮಾರುತ್ತ ಕಟ್ಟಿದ ಸಂಸ್ಥೆ ಅದು. ಬರಿಗೈಯಲ್ಲಿ ಊರು ಬಿಟ್ಟು ಬಂದು ವ್ಯಾಪಾರ ಕಟ್ಟಿದವರ ಕಥೆ ನಮ್ಮವರಿಗೆ ಹೊಸತಲ್ಲ ಬಿಡಿ. 1970ರ ದಶಕದ ಕೊನೆಗೆ ಅಲ್ಲಿನ ಚಿತ್ರಕಲಾವಿದೆ ಮ್ಯೂರಿಯಲ್ ಫಾರಿಯನ್ ಈ ಹುಡುಗಿಯ ರೂಪ ಬರೆದರು. ಮೊದಲ ಬಟ್ಟೆಯ ಗೊಂಬೆಯನ್ನು ಹೊಲಿದವರು ಅವರ ಸಹೋದರಿ ಸೂಸನ್ ಟ್ರೆಂಟೆಲ್.

ಗೊಂಬೆಯನ್ನು ತಯಾರಿಸಿ ಮಾರುವ ಹೊಣೆ ಹೊತ್ತದ್ದು ಅದೇ ರಾಜ್ಯದ ಸಿನ್ಸಿನಾಟಿಯ ಕೆನರ್ ಕಂಪೆನಿ. ಆಗ ಕೆನರ್‌ನ ಮಾಲಿಕ ಜನರಲ್ ಮಿಲ್ಸ್, ಅಂದರೆ ಹಿಟ್ಟು ಮತ್ತು ತಿಂಡಿಯ ದೊಡ್ಡ ಉದ್ಯಮ. ಇಲ್ಲದ ವ್ಯಕ್ತಿಯನ್ನು ಇದ್ದಾಳೆಂದು ಜನರ ಮನಸ್ಸಿನಲ್ಲಿ ಕೂರಿಸುವುದರಲ್ಲಿ ಆ ಮನೆತನಕ್ಕೆ ಅನುಭವವೂ ಇತ್ತು. ಅಡುಗೆಯ ಸಲಹೆ ಕೇಳಿ ಬಂದ ಗೃಹಿಣಿಯರ ಪತ್ರಗಳಿಗೆ ಉತ್ತರಿಸಲು 1921ರಲ್ಲಿ ಅವರ ಹಿಂದಿನ ಕಂಪೆನಿ ಸೃಷ್ಟಿಸಿದ ‘ಬೆಟ್ಟಿ ಕ್ರಾಕರ್’ ಎಂಬ ಹೆಂಗಸು ಎಂದೂ ಹುಟ್ಟಿದವಳಲ್ಲ. ಆದರೂ ಅವಳ ಸಹಿ ಇದೆ, ಭಾವಚಿತ್ರ ಇದೆ, ಅವಳ ಹೆಸರಿನ ಅಡುಗೆ ಪುಸ್ತಕಗಳು ಇಂದಿಗೂ ಮಾರಾಟವಾಗುತ್ತಿವೆ.

ಈ ವ್ಯವಹಾರದ ಹಿಂದಿನ ಮುಖ್ಯ ಮಿದುಳು ಬರ್ನಾರ್ಡ್ ಲೂಮಿಸ್. ಅವರು ಮೊದಲು ಮ್ಯಾಟೆಲ್‌ನಲ್ಲಿದ್ದು, ಅನಂತರ ಕೆನರ್‌ನ ಅಧ್ಯಕ್ಷರಾದವರು. ‘ಸ್ಟಾರ್ ವಾರ್ಸ್’ ಸಿನೆಮಾದ ಗೊಂಬೆಗಳನ್ನು ತಂದದ್ದೂ ಇವರ ಕಾಲದ ಕೆನರ್ ಕಂಪೆನಿಯೇ. 1977ರ ಕ್ರಿಸ್‌ಮಸ್‌ಗೆ ಆ ಗೊಂಬೆಗಳು ಸಿದ್ಧವಾಗಿರಲಿಲ್ಲ. ಆಗ ಕೆನರ್ ಏನು ಮಾಡಿತು ಗೊತ್ತೆ? ಬರಿಯ ರಟ್ಟಿನ ಲಕೋಟೆಯಲ್ಲಿ ಒಂದು ಪ್ರಮಾಣಪತ್ರವಿಟ್ಟು ಮಾರಿತು. ಅದನ್ನು ಅಂಚೆಯಲ್ಲಿ ಕಳಿಸಿದರೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ ಬರುತ್ತದೆ! ಮುಂದಿನ ತಾರೀಖಿನ ಚೆಕ್ಕನ್ನು ಮಕ್ಕಳ ಕೈಗೆ ಕೊಟ್ಟಂತೆ. ಇದನ್ನು ಮೊದಲು ಓದಿದಾಗ ನಾನು ನಕ್ಕೆ. ಆದರೆ ಯೋಚಿಸಿದರೆ ಇಡೀ ವ್ಯವಹಾರದ ಗುಟ್ಟು ಅಲ್ಲೇ ಇದೆ. ಮಗು ಕೊಳ್ಳುವುದು ಪ್ಲಾಸ್ಟಿಕ್ಕನ್ನಲ್ಲ, ಪಾತ್ರವನ್ನು. ಪಾತ್ರದ ಮೇಲೆ ಪ್ರೀತಿ ಹುಟ್ಟಿದರೆ ಪ್ಲಾಸ್ಟಿಕ್ಕಿಗೆ ಆರು ತಿಂಗಳು ಕಾಯಲೂ ಅದು ಸಿದ್ಧ.

‘ಸ್ಟಾರ್ ವಾರ್ಸ್’ನಲ್ಲಿ ಸಿನೆಮಾ ಮೊದಲು ಬಂತು, ಗೊಂಬೆ ಆಮೇಲೆ. ಗೊಂಬೆ ಕಂಪೆನಿ ಸಿನೆಮಾದವರಿಗೆ ರಾಯಧನ ಕೊಡಬೇಕು, ಸಿನೆಮಾ ಗೆಲ್ಲುತ್ತದೋ ಸೋಲುತ್ತದೋ ಎಂದು ಕಾಯಬೇಕು. ಸ್ಟ್ರಾಬೆರಿ ಶಾರ್ಟ್‌ಕೇಕ್ ವಿಷಯದಲ್ಲಿ ಈ ಸಾಲು ತಲೆಕೆಳಗಾಯಿತು. ಶುಭಾಶಯ ಪತ್ರ, ಗೊಂಬೆ, ಊಟದ ಡಬ್ಬಿ, ಹಾಸಿಗೆಯ ಹೊದಿಕೆ, ಪೆನ್ಸಿಲು ಎಲ್ಲದಕ್ಕೂ ಒಂದೇ ಹುಡುಗಿಯ ಮುಖ ಎಂದು ಮೊದಲೇ ನಿಶ್ಚಯಿಸಿ, ಆ ಮುಖಕ್ಕೆ ಒಂದು ಕಥೆಯನ್ನು ಹೇಳಿ ಮಾಡಿಸಿದರು. ಪ್ರತಿ ವಸ್ತುವಿನ ಮಾರಾಟದ ಮೇಲೂ ಪಾತ್ರದ ಒಡೆಯರಿಗೆ ಇಂತಿಷ್ಟು ಶೇಕಡಾ ಜಮಾ. ಇದು ಚೆನ್ನಾಗಿ ನಡೆದದ್ದರಿಂದ ಇಂಥ ಪಾತ್ರಗಳನ್ನು ಹುಟ್ಟಿಸುವುದಕ್ಕೆಂದೇ ಅಮೆರಿಕನ್ ಗ್ರೀಟಿಂಗ್ಸ್‌ನವರು ಬೇರೆಯೇ ಒಂದು ಅಂಗಸಂಸ್ಥೆಯನ್ನು ನಡೆಸಿದರು. ‘ಕೇರ್ ಬೇರ್ಸ್’ ಕರಡಿಗಳು ಅಲ್ಲಿಂದಲೇ ಬಂದವು.

ಕಥೆ ಬರೆದವರು ಸಾಮಾನ್ಯರಲ್ಲ ಎಂಬುದನ್ನೂ ಹೇಳಬೇಕು. ರೋಮಿಯೋ ಮುಲ್ಲರ್ ಅಮೆರಿಕದ ಮನೆಮನೆಯ ಮಕ್ಕಳಿಗೆ ಪರಿಚಿತವಾದ ‘ರುಡಾಲ್ಫ್ ದಿ ರೆಡ್-ನೋಸ್ಡ್ ರೇನ್‌ಡಿಯರ್’ (1964) ಮತ್ತು ‘ಫ್ರಾಸ್ಟಿ ದಿ ಸ್ನೋಮ್ಯಾನ್’ (1969) ಟಿ.ವಿ. ವಿಶೇಷಗಳನ್ನು ಬರೆದವರು. ಸ್ಟ್ರಾಬೆರಿಯ ಚಿತ್ರದಲ್ಲಿ ಸೂರ್ಯನ ದನಿಯೂ ಅವರದೇ. ಚಿತ್ರ ತಯಾರಿಸಿದ ಮುರಾಕಾಮಿ-ವುಲ್ಫ್-ಸ್ವೆನ್ಸನ್ ಸ್ಟುಡಿಯೋದ ಫ್ರೆಡ್ ವುಲ್ಫ್ ಅದಕ್ಕೆ ಮೊದಲೇ ಕಿರುಚಿತ್ರವೊಂದಕ್ಕೆ ಆಸ್ಕರ್ ಪಡೆದಿದ್ದರು. ಹಾಡುಗಳನ್ನು ಮಾಡಿದ್ದು ‘ಫ್ಲೋ ಆ್ಯಂಡ್ ಎಡ್ಡಿ’ ಎಂಬ ಜೋಡಿ. 60ರ ದಶಕದಲ್ಲಿ ‘ದಿ ಟರ್ಟಲ್ಸ್’ ತಂಡದಲ್ಲಿ ಹಾಡಿ ಹೆಸರು ಮಾಡಿದವರು. ಕೆಲಸ ಗೊತ್ತಿದ್ದವರನ್ನೇ ಹಿಡಿದು ಮಾಡಿಸಿದ್ದರು.

ಇಲ್ಲೊಂದು ಸ್ವಾರಸ್ಯವಿದೆ. ಮುಲ್ಲರ್ ಬರೆದ ಆ ಕೆಂಪು ಮೂಗಿನ ಜಿಂಕೆ ರುಡಾಲ್ಫನ ಮೂಲವೂ ಅಂಗಡಿಯೇ! ಶಿಕಾಗೊದ ಮಾಂಟ್‌ಗೊಮೆರಿ ವಾರ್ಡ್ ಎಂಬ ದೊಡ್ಡ ಅಂಗಡಿ ಸಂಸ್ಥೆ 1939ರಲ್ಲಿ ಗ್ರಾಹಕರ ಮಕ್ಕಳಿಗೆ ಉಚಿತವಾಗಿ ಹಂಚಲು ತನ್ನ ನೌಕರ ರಾಬರ್ಟ್ ಮೇ ಅವರಿಂದ ಬರೆಸಿದ ಪುಸ್ತಕ ಅದು. ಹಾಗಾಗಿ ವ್ಯಾಪಾರದ ಮನೆಯಲ್ಲಿ ಹುಟ್ಟಿದ ಕಥೆಗಳೆಲ್ಲ ಕೆಟ್ಟವು ಎಂದು ಮೂಗು ಮುರಿಯುವಂತಿಲ್ಲ. ಆದರೆ ರುಡಾಲ್ಫನ ಪುಸ್ತಕವನ್ನು ಮಗು ಬಿಟ್ಟಿಯಾಗಿ ಮನೆಗೆ ತಂದು ಓದಿ ಮುಗಿಸಿದರೆ ವ್ಯವಹಾರ ಅಲ್ಲಿಗೆ ಮುಗಿಯಿತು. ಸ್ಟ್ರಾಬೆರಿಯ ಕಥೆ ಮುಗಿದ ಮೇಲೆ ವ್ಯವಹಾರ ಶುರುವಾಗುತ್ತದೆ.

ಮುಂದಿನ ವರ್ಷಗಳಲ್ಲಿ ನಡೆದದ್ದು ನೋಡಿ. 1980ರಿಂದ 1985ರವರೆಗೆ ವರ್ಷಕ್ಕೊಂದರಂತೆ ಒಟ್ಟು ಆರು ವಿಶೇಷ ಚಿತ್ರಗಳು ಬಂದವು. 1981ರಲ್ಲಿ ಹುಡುಗಿ ಅಡುಗೆ ಸ್ಪರ್ಧೆಗೆಂದು ‘ಬಿಗ್ ಆ್ಯಪಲ್ ಸಿಟಿ’ಗೆ ಹೋದಳು, ಹೊಸ ಗೆಳೆಯರು ಸಿಕ್ಕರು. 1982ರಲ್ಲಿ ಸಾಕುಪ್ರಾಣಿಗಳ ಮೆರವಣಿಗೆ. ಗೊಂಬೆಗಳೂ ಸಾಕುಪ್ರಾಣಿ ಸಮೇತ ಬಂದವು. 1983ರಲ್ಲಿ ಹೊಸ ಮನೆಯ ಗೃಹಪ್ರವೇಶ. ಅಂಗಡಿಗೆ ದೊಡ್ಡದೊಂದು ಗೊಂಬೆಮನೆಯೂ ಬಂತು. ಕಥೆಗೆ ಏನು ಬೇಕು ಎಂದು ಕಥೆಗಾರ ನಿರ್ಧರಿಸುವ ಬದಲು ಈ ವರ್ಷ ಪೆಟ್ಟಿಗೆಯಲ್ಲಿ ಏನಿದೆ ಎಂದು ಮಾರಾಟ ವಿಭಾಗ ಹೇಳುತ್ತಿತ್ತೇನೋ ಎಂದು ಅನುಮಾನ ಬರುವಷ್ಟು ಎರಡೂ ಕೈ ಹಿಡಿದು ನಡೆದವು.

ಲಾಗ್ ಪುಸ್ತಕದ ಜಗಳ

ಈ ಜಗಳ ಸ್ಟ್ರಾಬೆರಿಗಿಂತ ಹಳೆಯದು. 1969ರ ಸೆಪ್ಟೆಂಬರಿನಲ್ಲಿ ಎಬಿಸಿ ಜಾಲದಲ್ಲಿ ‘ಹಾಟ್ ವೀಲ್ಸ್’ ಎಂಬ ಕಾರ್ಟೂನ್ ಶುರುವಾಯಿತು. ಹಾಟ್ ವೀಲ್ಸ್ ಎಂದರೆ ಮ್ಯಾಟೆಲ್ ಕಂಪೆನಿಯ ಆಟಿಕೆ ಕಾರು. ನಮ್ಮ ಮಕ್ಕಳ ಬಳಿಯೂ ಈಗ ರಾಶಿ ಇದೆ. ದೂರು ಕೊಟ್ಟವರು ಯಾರು? ತಾಯಂದಿರಲ್ಲ, ಶಿಕ್ಷಕರಲ್ಲ. ಎದುರಾಳಿ ಆಟಿಕೆ ಕಾರು ತಯಾರಿಸುತ್ತಿದ್ದ ಟಾಪರ್ ಕಂಪೆನಿ! ನಮಗೆ ಮೂವತ್ತು ಸೆಕೆಂಡಿನ ಜಾಹೀರಾತಿಗೆ ದುಡ್ಡು, ಅವರಿಗೆ ಅರ್ಧ ಗಂಟೆ ಬಿಟ್ಟಿಯೇ ಎಂಬುದು ಅವರ ತಕರಾರಿನ ಸಾರ.

ಅಮೆರಿಕದಲ್ಲಿ ಟಿ.ವಿ. ಕೇಂದ್ರಗಳಿಗೆ ಪರವಾನಗಿ ಕೊಡುವುದು ಫೆಡರಲ್ ಕಮ್ಯುನಿಕೇಶನ್ಸ್ ಕಮಿಶನ್, ಅಂದರೆ ಎಫ್‌ಸಿಸಿ. ಪ್ರತಿ ಕೇಂದ್ರವೂ ಆಗ ಲಾಗ್ ಪುಸ್ತಕ ಇಡಬೇಕಿತ್ತು. ಯಾವ ಹೊತ್ತಿಗೆ ಯಾವ ಕಾರ್ಯಕ್ರಮ, ಎಷ್ಟು ನಿಮಿಷ ಜಾಹೀರಾತು ಎಂದು ನಮೂದಿಸುವ ದಿನವಹಿ ಅದು. ಎಫ್‌ಸಿಸಿ ಹಾಟ್ ವೀಲ್ಸ್ ಪ್ರಸಾರವನ್ನು ನಿಷೇಧಿಸಲಿಲ್ಲ. ಅದರ ಒಂದು ಭಾಗವನ್ನು ಜಾಹೀರಾತಿನ ಲೆಕ್ಕದಲ್ಲಿ ಬರೆಯಿರಿ ಎಂದಿತು. ನನಗೆ ಈ ತೀರ್ಪು ಬಹಳ ಮೆಚ್ಚುಗೆಯಾಯಿತು. ತಪ್ಪು ಖಾತೆಗೆ ಹೋದ ಮೊತ್ತವನ್ನು ಒಂದು ವೋಚರ್ ಬರೆದು ಸರಿಯಾದ ಖಾತೆಗೆ ವರ್ಗಾಯಿಸಿದಂತೆ. ಬೈಗಳಿಲ್ಲ, ಭಾಷಣವಿಲ್ಲ. ಆದರೆ ಲೆಕ್ಕ ಹಾಗೆ ಬರೆದಾಗ ಜಾಹೀರಾತಿನ ನಿಮಿಷಗಳು ಏರಿ ಕಾರ್ಯಕ್ರಮ ದುಬಾರಿಯಾಗುತ್ತದೆ. 1971ರಲ್ಲಿ ‘ಹಾಟ್ ವೀಲ್ಸ್’ ನಿಂತಿತು. ಮುಂದೆ ಹತ್ತು ವರ್ಷ ಆ ದಾರಿಗೆ ಹೆಚ್ಚಿನವರು ಹೋಗಲಿಲ್ಲ.

ತಾಯಂದಿರು ರಂಗಕ್ಕೆ ಬಂದದ್ದೂ ಅದೇ ಹೊತ್ತಿನಲ್ಲಿ. ಬೋಸ್ಟನ್ ಹತ್ತಿರದ ನ್ಯೂಟನ್ ಎಂಬಲ್ಲಿ 1968ರಲ್ಲಿ ಪೆಗಿ ಚಾರನ್ ಎಂಬ ಗೃಹಿಣಿ ಮನೆಯ ಹಜಾರದಲ್ಲಿ ಕೆಲವು ತಾಯಂದಿರನ್ನು ಸೇರಿಸಿ ‘ಆ್ಯಕ್ಷನ್ ಫಾರ್ ಚಿಲ್ಡ್ರನ್ಸ್ ಟೆಲಿವಿಷನ್’ ಎಂಬ ಸಂಘ ಕಟ್ಟಿದರು. ಸಂಘ ಎಂದರೆ ಸಭೆ, ಶಾಲು, ಹಾರ ಎಂದುಕೊಂಡಿರುವ ನಮಗೆ ಈ ಸಂಘದ ಕೆಲಸ ಗಮನಾರ್ಹ. ಅವರು ಎಫ್‌ಸಿಸಿಗೆ ಅರ್ಜಿ ಹಾಕಿದರು, ಜನರಿಂದ ರಾಶಿ ರಾಶಿ ಪತ್ರ ಬರೆಸಿದರು, ನ್ಯಾಯಾಲಯಕ್ಕೆ ಹೋದರು. ಯಾವ ಕಾರ್ಯಕ್ರಮವನ್ನೂ ನಿಷೇಧಿಸಿ ಎಂದು ಚಾರನ್ ಕೇಳಲಿಲ್ಲ. ಸೆನ್ಸಾರಿಗೆ ಅವರು ವಿರೋಧಿಯಾಗಿದ್ದರು. ಮಕ್ಕಳಿಗೆ ಒಳ್ಳೆಯದು ಹೆಚ್ಚು ಸಿಗಲಿ, ವ್ಯಾಪಾರ ಕಡಿಮೆಯಾಗಲಿ ಎಂಬುದಷ್ಟೇ ಬೇಡಿಕೆ. 1974ರಲ್ಲಿ ಎಫ್‌ಸಿಸಿ ಮಕ್ಕಳ ಟಿ.ವಿ. ಬಗ್ಗೆ ನೀತಿ ಪ್ರಕಟಿಸಿತು. ಕಾರ್ಯಕ್ರಮಕ್ಕೂ ಜಾಹೀರಾತಿಗೂ ನಡುವೆ ಸ್ಪಷ್ಟ ಗೆರೆ ಇರಬೇಕು, ಕಾರ್ಯಕ್ರಮದ ಪಾತ್ರವೇ ಅದರ ನಡುವೆ ಬಂದು ಸಾಮಾನು ಮಾರಬಾರದು ಎಂದಿತು.

ಏಕೆ ಇಷ್ಟು ಕಟ್ಟುನಿಟ್ಟು? ಸುಮಾರು ಎಂಟು ವರ್ಷದೊಳಗಿನ ಮಗುವಿಗೆ ಜಾಹೀರಾತು ಎಂದರೆ ತನ್ನನ್ನು ಒಲಿಸಲು ಮಾಡಿದ್ದು ಎಂಬ ಅರಿವು ಸರಿಯಾಗಿ ಬಂದಿರುವುದಿಲ್ಲ. ಟಿ.ವಿ.ಯಲ್ಲಿ ಹೇಳಿದರೆ ಅದು ಇದ್ದದ್ದೇ. ದೊಡ್ಡವರಾದ ನಾವು ‘ಸ್ಕೀಮ್’ ಎಂದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳುತ್ತೇವೆ. ಮಗುವಿಗೆ ಆ ಗುಮಾನಿ ಇಲ್ಲ. ಈ ಕಾರಣಕ್ಕಾಗಿ 1978ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಶನ್‌ನ ಅಧಿಕಾರಿಗಳು ಚಿಕ್ಕ ಮಕ್ಕಳಿಗೆಂದು ಮಾಡುವ ಟಿ.ವಿ. ಜಾಹೀರಾತನ್ನೇ ನಿಲ್ಲಿಸುವ ಪ್ರಸ್ತಾವ ಮುಂದಿಟ್ಟರು. ಆಟಿಕೆ, ಸಕ್ಕರೆ ತಿಂಡಿ, ಟಿ.ವಿ. ಉದ್ಯಮಗಳೆಲ್ಲ ಒಟ್ಟಾಗಿ ಎದ್ದವು. 1980ರಲ್ಲಿ ಅಲ್ಲಿನ ಸಂಸತ್ತು ಕಮಿಶನ್ನಿನ ಕೈ ಕಟ್ಟಿತು. 1981ರಲ್ಲಿ ಕಡತ ಮುಚ್ಚಿತು. ಮುಚ್ಚುವಾಗಲೂ ಅಧಿಕಾರಿಗಳು ಒಂದು ಮಾತು ಬರೆದಿಟ್ಟರು. ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ ಎಂಬ ಚಿಂತೆ ನ್ಯಾಯವಾದದ್ದೇ, ಆದರೆ ನಿಷೇಧ ಕಾರ್ಯಸಾಧ್ಯವಲ್ಲ ಎಂಬುದು ಅದರ ತಾತ್ಪರ್ಯ.

ಸ್ಟ್ರಾಬೆರಿಯ ಮೊದಲ ಚಿತ್ರ ಬಂದದ್ದು ಇದರ ನಡುವೆ. ಅದು ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ದೊಡ್ಡ ಜಾಲಗಳ ಮೂಲಕ ಬರಲಿಲ್ಲ. ಊರೂರಿನ ಕೇಂದ್ರಗಳಿಂದ ಬಿಡಿಬಿಡಿಯಾಗಿ ಪ್ರಸಾರವಾಯಿತು. ವಾರ ವಾರದ ಧಾರಾವಾಹಿಯೂ ಅದಾಗಿರಲಿಲ್ಲ, ವರ್ಷಕ್ಕೊಮ್ಮೆಯ ಹಬ್ಬದಂಥ ‘ವಿಶೇಷ’. ಹೀಗಾಗಿ ಗೋಡೆಯಲ್ಲಿ ಸಣ್ಣ ಬಿರುಕು ಎಂದೇ ಕಂಡಿತು. 1981ರಲ್ಲಿ ರೇಗನ್ ಸರಕಾರ ಬಂದು, ಮಾರುಕಟ್ಟೆಯೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಂಬಿದ ಮಾರ್ಕ್ ಫೌಲರ್ ಎಫ್‌ಸಿಸಿ ಅಧ್ಯಕ್ಷರಾದ ಮೇಲೆ ಗೋಡೆಯೇ ಬಿತ್ತು. 1984ರಲ್ಲಿ ಟಿ.ವಿ. ಜಾಹೀರಾತಿನ ನಿಮಿಷಗಳ ಮೇಲಿದ್ದ ಮಿತಿ ಹೋಯಿತು. ನಿಮಿಷಕ್ಕೆ ಮಿತಿಯೇ ಇಲ್ಲದಿದ್ದರೆ ಯಾವುದು ಕಥೆ ಯಾವುದು ಜಾಹೀರಾತು ಎಂದು ಬರೆದು ಆಗುವುದೇನು?

1983ರ ಸೆಪ್ಟೆಂಬರಿನಲ್ಲಿ ಮ್ಯಾಟೆಲ್‌ನ ‘ಹೀ-ಮ್ಯಾನ್’ ಬಂದ. ವರ್ಷಕ್ಕೊಂದು ವಿಶೇಷವಲ್ಲ, ವಾರಕ್ಕೆ ಐದು ದಿನ, ಒಟ್ಟು 130 ಕಂತು. ಕೇಂದ್ರದವರು ಕಾರ್ಯಕ್ರಮಕ್ಕೆ ದುಡ್ಡು ಕೊಡಬೇಕಿಲ್ಲ. ಬದಲಿಗೆ ಒಂದಿಷ್ಟು ಜಾಹೀರಾತು ಸಮಯ ಬಿಟ್ಟುಕೊಟ್ಟರೆ ಸಾಕು. ಅಕ್ಕಿಗೆ ತೆಂಗಿನಕಾಯಿ ಕೊಟ್ಟಂತೆ ವಿನಿಮಯ. 1985ರ ‘ಥಂಡರ್‌ಕ್ಯಾಟ್ಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಟಿಕೆಯ ಲಾಭದಲ್ಲಿ ಟಿ.ವಿ. ಕೇಂದ್ರಗಳಿಗೂ ಪಾಲು ಎಂಬ ಯೋಜನೆ ತಂದಿತು. ಸಾಲ ಮಂಜೂರು ಮಾಡುವ ಅಧಿಕಾರಿಗೆ ಸಾಲಗಾರನ ಅಂಗಡಿಯಲ್ಲಿ ಪಾಲುದಾರಿಕೆ ಇದ್ದರೆ ನಮ್ಮ ಇಲಾಖೆಯಲ್ಲಿ ಅದನ್ನು ಏನೆನ್ನುತ್ತಾರೆ ಎಂದು ಇಲ್ಲಿ ಬರೆಯುವುದು ಬೇಡ. ಚಾರನ್ ಅವರ ಸಂಘ ದೂರು ಕೊಟ್ಟಿತು. 1985ರಲ್ಲಿ ಎಫ್‌ಸಿಸಿ ಅದನ್ನು ತಳ್ಳಿಹಾಕಿತು. 1987ರಲ್ಲಿ ಮೇಲ್ಮನವಿ ನ್ಯಾಯಾಲಯ, ಮಿತಿಯನ್ನು ತೆಗೆದದ್ದಕ್ಕೆ ಸರಿಯಾದ ಕಾರಣ ಕೊಡಿ ಎಂದು ಎಫ್‌ಸಿಸಿಗೆ ಹೇಳಿತು. 1988ರಲ್ಲಿ ಸಂಸತ್ತು ಒಪ್ಪಿದ ಮಸೂದೆಗೆ ರೇಗನ್ ಸಹಿ ಹಾಕಲಿಲ್ಲ. ಕೊನೆಗೂ 1990ರಲ್ಲಿ ‘ಮಕ್ಕಳ ಟೆಲಿವಿಷನ್ ಕಾಯ್ದೆ’ ಬಂತು, ಅದೂ ಅಧ್ಯಕ್ಷ ಬುಷ್ ಅವರ ಸಹಿ ಇಲ್ಲದೆ. ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ, ಉಳಿದ ದಿನ 12 ನಿಮಿಷ ಮಾತ್ರ ಜಾಹೀರಾತು ಎಂದಾಯಿತು.

ಇಪ್ಪತ್ತೆರಡು ವರ್ಷ ಹೋರಾಡಿದ ಸಂಘ ಗೆದ್ದಿತು ಎಂದುಕೊಳ್ಳುವಷ್ಟರಲ್ಲಿ ಕೊನೆಯ ಸಾಲು ಬಂತು. ‘ಕಾರ್ಯಕ್ರಮದಷ್ಟು ಉದ್ದದ ಜಾಹೀರಾತು’ ಎಂದರೆ ಏನು? ಒಂದು ಆಟಿಕೆಯ ಕಾರ್ಟೂನಿನ ಒಳಗೆ ಅದೇ ಆಟಿಕೆಯ ಜಾಹೀರಾತು ಬಂದರೆ ಮಾತ್ರ ಅದು ಜಾಹೀರಾತು ಎಂದು ಎಫ್‌ಸಿಸಿ ಹೇಳಿತು. ಅಂದರೆ ಸ್ಟ್ರಾಬೆರಿಯ ಕಥೆಯ ನಡುವೆ ಸ್ಟ್ರಾಬೆರಿ ಗೊಂಬೆಯ ಜಾಹೀರಾತು ಹಾಕದಿದ್ದರೆ ಆಯಿತು, ಇಡೀ ಅರ್ಧ ಗಂಟೆ ಕಥೆಯ ಖಾತೆಗೇ ಜಮಾ. ಆ ಗೊಂಬೆಯ ಜಾಹೀರಾತನ್ನು ಮುಂದಿನ ಕಾರ್ಯಕ್ರಮದಲ್ಲಿ ಹಾಕಿಕೊಳ್ಳಬಹುದು. 1969ರ ಗುಮಾಸ್ತ ಬರೆದ ವೋಚರನ್ನು 1991ರ ಗುಮಾಸ್ತ ರದ್ದು ಮಾಡಿದ ಎಂದೇ ನನ್ನ ಅಭಿಪ್ರಾಯ.

ಪಕ್ಕದ ಕೆನಡಾದ ಕ್ವಿಬೆಕ್ ಪ್ರಾಂತ ಬೇರೆಯೇ ದಾರಿ ಹಿಡಿಯಿತು. 13 ವರ್ಷದೊಳಗಿನವರಿಗೆಂದು ಜಾಹೀರಾತು ಮಾಡುವುದನ್ನೇ ಅಲ್ಲಿ ನಿಷೇಧಿಸಿದರು. ಅದು ಜಾರಿಗೆ ಬಂದದ್ದು ಸ್ಟ್ರಾಬೆರಿಯ ಚಿತ್ರ ಬಂದ ಅದೇ 1980ರಲ್ಲಿ. ಇರ್ವಿನ್ ಟಾಯ್ ಎಂಬ ಆಟಿಕೆ ಕಂಪೆನಿ ನ್ಯಾಯಾಲಯಕ್ಕೆ ಹೋಗಿ, ಮಾತಿನ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದಿತು. 1989ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಧಕ್ಕೆ ಹೌದು, ಆದರೆ ಮಕ್ಕಳ ರಕ್ಷಣೆಗಾಗಿ ಅದು ಸಮರ್ಥನೀಯ ಎಂದು ಕಾನೂನನ್ನು ಎತ್ತಿಹಿಡಿಯಿತು. ಅಮೆರಿಕದ ಅಧಿಕಾರಿಗಳು ಕಾರ್ಯಸಾಧ್ಯವಲ್ಲ ಎಂದು ಬಿಟ್ಟ ಕೆಲಸವನ್ನು ಗಡಿಯ ಆಚೆಯವರು ಮಾಡಿದರು.

ಹುಡುಗಿಯ ಗತಿ ಏನಾಯಿತು? ಗೊಂಬೆಗಳ ಮೊದಲ ಭರಾಟೆ 1985ರ ಹೊತ್ತಿಗೆ ಇಳಿಯಿತು. ಆದರೆ ಪಾತ್ರ ಸಾಯಲಿಲ್ಲ, ಕೈ ಬದಲಾಯಿಸುತ್ತ ಹೋಯಿತು. 2015ರಲ್ಲಿ ಐಕಾನಿಕ್ಸ್ ಎಂಬ ಕಂಪೆನಿ ಅವಳನ್ನು 10.5 ಕೋಟಿ ಡಾಲರಿಗೆ ಕೊಂಡಿತು. 2017ರಲ್ಲಿ ‘ಪೀನಟ್ಸ್’ ಕಾರ್ಟೂನಿನ ಹಕ್ಕಿನ ಜತೆಗೆ ಕೆನಡಾದ ಡಿಎಚ್‌ಎಕ್ಸ್ ಮೀಡಿಯಾ ಒಟ್ಟು 34.5 ಕೋಟಿ ಡಾಲರಿಗೆ ಕೊಂಡಿತು. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುವಾಗ ‘ಗುಡ್‌ವಿಲ್’ ಎಂಬ ಪಾಠದಲ್ಲಿ, ಕೈಗೆ ಸಿಗದ ಆಸ್ತಿ ಎಂದು ಮಾಸ್ತರರು ಹೇಳಿದಾಗ ಯಾರಿಗೂ ತಲೆಗೆ ಹೋಗುತ್ತಿರಲಿಲ್ಲ. ಈಗಾದರೆ ಈ ಹುಡುಗಿಯನ್ನು ಉದಾಹರಣೆ ಕೊಡಬಹುದಿತ್ತು. 2021ರಲ್ಲಿ ಅವಳ ಹೊಸ ಸರಣಿ ಬಂದದ್ದು ಯೂಟ್ಯೂಬಿನಲ್ಲಿ. ನೋಡಲು ಕಾಸು ಬೇಕಿಲ್ಲ.

ನಮ್ಮ ಮನೆಯ ಪೆಟ್ಟಿಗೆ

ನಮ್ಮಲ್ಲಿ ಈ ವ್ಯವಹಾರದ ಮೊದಲ ಪರಿಚಯ ಮಾಡಿಸಿದ್ದು ದೂರದರ್ಶನ. 80ರ ದಶಕದಲ್ಲಿ ಹೀ-ಮ್ಯಾನ್ ಇಲ್ಲಿಯೂ ಪ್ರಸಾರವಾಯಿತು, ಗೊಂಬೆಗಳೂ ಅಂಗಡಿಗೆ ಬಂದವು. ಹಗಲು ಕೆಲಸ, ಸಂಜೆ ಕಾಲೇಜು ಎಂದು ಓಡಾಡುತ್ತಿದ್ದ ನಾನು ಅದನ್ನು ನೋಡಿದ್ದು ಚಾಳಿನ ನೆರೆಮನೆಯ ಬಾಗಿಲಲ್ಲಿ ನಿಂತು, ಮಕ್ಕಳ ತಲೆಗಳ ಮೇಲಿಂದ. ಇಂಗ್ಲಿಷು ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಕತ್ತಿ ಎತ್ತಿದೊಡನೆ ಹೆದರುಪುಕ್ಕಲ ಹಸಿರು ಹುಲಿ ಯುದ್ಧದ ಹುಲಿಯಾಗುವುದು ನೋಡಲು ಚೆನ್ನಾಗಿತ್ತು ಎಂಬುದನ್ನು ಅಲ್ಲಗಳೆಯಲಾರೆ.

ಕಷ್ಟ ಇರುವುದೇ ಅಲ್ಲಿ. ಆಟಿಕೆಗಾಗಿ ಮಾಡಿದ ಕಥೆಯೂ ಒಮ್ಮೊಮ್ಮೆ ಒಳ್ಳೆಯ ಕಥೆಯಾಗಿಬಿಡುತ್ತದೆ. 1985ರ ‘ಹೀ-ಮ್ಯಾನ್ ಆ್ಯಂಡ್ ಶೀ-ರಾ: ಎ ಕ್ರಿಸ್‌ಮಸ್ ಸ್ಪೆಷಲ್’ನಲ್ಲಿ ಭೂಮಿಯಿಂದ ಬಂದ ಇಬ್ಬರು ಮಕ್ಕಳನ್ನೂ ಒಂದು ನಾಯಿಮರಿಯನ್ನೂ ಹಿಡಿದೊಯ್ಯುವ ಕೆಲಸ ತಲೆಬುರುಡೆ ಮುಖದ ಸ್ಕೆಲೆಟರ್‌ಗೆ ಬೀಳುತ್ತದೆ. ಹಿಮದಲ್ಲಿ ನಡೆಯುತ್ತ ಅವರ ಚಳಿ ನೋಡಲಾರದೆ ಅವನೊಳಗೆ ಏನೋ ಕರಗತೊಡಗುತ್ತದೆ, ತನಗೇನಾಗುತ್ತಿದೆ ಎಂದು ಅವನಿಗೇ ಗಾಬರಿ. ಮಕ್ಕಳಿಗೆ ಅದು ಇಷ್ಟವಾದರೆ ಆಶ್ಚರ್ಯವಿಲ್ಲ. ಮಾರಾಟದ ಉದ್ದೇಶವಿತ್ತೆಂದು ಆ ದೃಶ್ಯ ಸುಳ್ಳಾಗುವುದಿಲ್ಲ. ದೃಶ್ಯ ಚೆನ್ನಾಗಿದೆಯೆಂದು ಮಾರಾಟದ ಉದ್ದೇಶ ಇಲ್ಲವಾಗುವುದೂ ಇಲ್ಲ.

ನಮ್ಮ ದೇಶದ 1994ರ ಕೇಬಲ್ ಟಿ.ವಿ. ನಿಯಮಗಳಲ್ಲಿ ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆ ಎಂದು ಕಾಣಬೇಕು ಎಂದಿದೆ. ಗಂಟೆಗೆ 12 ನಿಮಿಷದ ಮಿತಿಯೂ ಇದೆ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರಲ್ಲಿ ಬಂದ ಕೇಂದ್ರ ಸರಕಾರದ ಮಾರ್ಗಸೂಚಿಯಲ್ಲಿ ಮಕ್ಕಳಿಗೆಂದು ಮಾಡುವ ಜಾಹೀರಾತಿಗೆ ಪ್ರತ್ಯೇಕ ಭಾಗವೇ ಇದೆ. ಆದರೆ ಪಾತ್ರವೇ ಸರಕಾದಾಗ ಗೆರೆ ಎಲ್ಲಿ ಎಳೆಯುವುದು? ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2008ರಲ್ಲಿ ಪೋಗೊ ವಾಹಿನಿಗೆ ಬಂದಾಗ ಕಥೆ ಮೊದಲಿತ್ತು. ಚೀಲ, ಬಾಟಲಿ, ಗೊಂಬೆ ಆಮೇಲೆ ಬಂದವು. ಸ್ಟ್ರಾಬೆರಿಯ ತಿರುಗುಮುರುಗು. ಅಂಗಡಿಯಲ್ಲಿ ಅಳುವ ಮಗುವಿನ ಅಪ್ಪನಿಗೆ ಮಾತ್ರ ಎರಡೂ ಒಂದೇ.

ಹೊರನಾಡಿನ ನಮಗೆ ಇನ್ನೊಂದು ಲೆಕ್ಕವೂ ಇದೆ. ಸನ್ ಸಮೂಹದ ‘ಚಿಂಟು ಟಿವಿ’ 2009ರಲ್ಲಿ ಕನ್ನಡ ಮಕ್ಕಳಿಗೆಂದೇ ಶುರುವಾಯಿತು ನಿಜ. ಆದರೆ ಮುಂಬಯಿ, ಪುಣೆಯ ಮನೆಗಳಲ್ಲಿ ಕಾರ್ಟೂನು ಹೆಚ್ಚಾಗಿ ಮಾತಾಡುವುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಪಕ್ಕದಲ್ಲಿ ಕುಳಿತ ಅಜ್ಜಿಯೋ ತಾಯಿಯೋ ‘ಇವನ್ಯಾಕೆ ಮಗಾ ಹೀಗೆ ಮಾಡಿದ? ಈ ಗೊಂಬೆ ಮಾರುವವರು ಯಾರು?’ ಎಂದು ಕೇಳಿದರೆ, ಆ ಅರ್ಧ ಗಂಟೆಯಲ್ಲಿ ಕನ್ನಡ ಕಿವಿಗೆ ಬೀಳುವುದು ಆಗ ಮಾತ್ರ. ಐದು ವರ್ಷದ ಮಗುವಿಗೆ ಎರಡನೆಯ ಪ್ರಶ್ನೆ ಅರ್ಥವಾಗಲಿಕ್ಕಿಲ್ಲ. ಕೇಳಿ ಕೇಳಿ ಎಂಟನೆಯ ವರ್ಷಕ್ಕೆ ಆದೀತು.

ನಮ್ಮ ಸಂಘದ ಮಕ್ಕಳ ಛದ್ಮವೇಷ ಸ್ಪರ್ಧೆಯಲ್ಲಿ ಮೊದಲೆಲ್ಲ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಯಕ್ಷಗಾನದ ಕಿರೀಟವೇ ಹೆಚ್ಚು. ಈಚೆಗೆ ಕಾರ್ಟೂನ್ ಪಾತ್ರಗಳು ಸಾಲುಗಟ್ಟಿ ಬರುತ್ತವೆ, ಕೆಲವು ವೇಷಗಳ ಕುತ್ತಿಗೆಯಲ್ಲಿ ಕಂಪೆನಿಯ ಚೀಟಿ ಹಾಗೆಯೇ ನೇತಾಡುತ್ತಿರುತ್ತದೆ. ಕಾರ್ಟೂನು ವೇಷ ಬೇಡವೇ ಬೇಡ ಎಂದು ಹಿರಿಯರೊಬ್ಬರು ಕಾರ್ಯಕಾರಿ ಸಮಿತಿಯಲ್ಲಿ ವಾದಿಸಿದರು. ಮಕ್ಕಳು ಇಷ್ಟಪಡುವುದನ್ನು ಬೇಡ ಎನ್ನಲು ನಾವ್ಯಾರು ಎಂದು ಮಹಿಳಾ ವಿಭಾಗದವರು ಎದುರು ನಿಂತರು. ಎರಡು ಸಭೆ ಕಳೆದ ಮೇಲೆ ಈ ವರ್ಷದ ಸುತ್ತೋಲೆಗೆ ಒಂದು ಸಾಲು ಸೇರಿತು. ಯಾವ ಪಾತ್ರವಾದರೂ ಸರಿ, ವೇಷ ಮನೆಯಲ್ಲೇ ತಯಾರಿಸಿದ್ದಾಗಿರಬೇಕು, ಮತ್ತು ಮಗು ವೇದಿಕೆಯ ಮೇಲೆ ತಾನು ಯಾರೆಂದು ಕನ್ನಡದಲ್ಲಿ ಎರಡು ವಾಕ್ಯ ಹೇಳಬೇಕು. ಹೆಸರು ಕೊಟ್ಟವರ ಪಟ್ಟಿ ಬರೆಯುವ ಕೆಲಸ ಎಂದಿನಂತೆ ನನಗೇ ಬಂದಿದೆ. ಈವರೆಗೆ ಇಬ್ಬರು ಓಬವ್ವ, ಒಬ್ಬ ಛೋಟಾ ಭೀಮ್, ಮತ್ತು ರಟ್ಟಿನ ಕತ್ತಿ ಮಾಡಿಕೊಳ್ಳುತ್ತಿರುವ ಒಬ್ಬ ಹೀ-ಮ್ಯಾನ್. ಅವನ ಅಪ್ಪ ಬಹುಶಃ ದೂರದರ್ಶನದ ಕಾಲದವರು.